ಪೋಸ್ಟ್ ಡಬ್ಬ ಇತ್ತಲ್ಲ, ಅಲ್ಲಿ

ಬೀದಿಯಲ್ಲಿ ಒಂದು ವಸ್ತು ಇರುವವರೆಗೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಅದು ಮಾಯವಾದ ಮರುದಿನದಿಂದ ಊರಿಗೆಲ್ಲ ಅದೇ ಬೇಕು. ಹಲಸೂರಿನ ನಮ್ಮ ಕಡೆ ಇಂಥದ್ದು ಆಗುತ್ತಲೇ ಇರುತ್ತದೆ. ಬೀದಿ ನಲ್ಲಿ ಹೋಯಿತು, ಕಾಯಿನ್ ಫೋನು ಹೋಯಿತು, ಸಿಮೆಂಟಿನ ಕಸದ ತೊಟ್ಟಿ ಹೋಯಿತು. ಜಟಕಾ ಕುದುರೆಗಳು ನೀರು ಕುಡಿಯುತ್ತಿದ್ದ ಕಲ್ಲಿನ ತೊಟ್ಟಿ ಕುದುರೆಗಳಿಗಿಂತ ಸ್ವಲ್ಪ ತಡವಾಗಿ ಹೋಯಿತು. ಎಲ್ಲ ಹೋದ ಮೇಲೂ ಜನ ದಾರಿ ಹೇಳುವುದು ಮಾತ್ರ ಅವುಗಳ ಹೆಸರಿನಲ್ಲೇ. ನಾನು ಶಿವಾಜಿನಗರದ ಒಂದು ಶಾಲೆಯಲ್ಲಿ ಕನ್ನಡ ಮಿಸ್ ಆಗಿದ್ದು ನಿವೃತ್ತಳಾದವಳು. ಭೂತಕಾಲ, ವರ್ತಮಾನಕಾಲ, ಭವಿಷ್ಯತ್ಕಾಲ ಎಂದು ಗಂಟಲು ಹರಿದುಕೊಂಡವಳು. ನನ್ನ ತರಗತಿಯ ಮಕ್ಕಳಿಗೆ ಭೂತಕಾಲ ಕೊನೆಗೂ ಬರಲಿಲ್ಲ. ನಮ್ಮ ಬೀದಿಯವರಿಗೆ ಅದು ಬಿಟ್ಟು ಬೇರೆ ಬರುವುದಿಲ್ಲ.

ಇಷ್ಟೆಲ್ಲ ಹೋದರೂ ಒಂದು ಉಳಿದಿತ್ತು. ನಮ್ಮ ಬೀದಿ ಮೂಲೆಯ ಕೆಂಪು ಅಂಚೆ ಪೆಟ್ಟಿಗೆ. 'ಅಂಚೆ ಪೆಟ್ಟಿಗೆ' ಎನ್ನುವುದು ನನ್ನ ಪಾಠಪುಸ್ತಕದ ಮಾತು, ಬೀದಿಯ ಬಾಯಲ್ಲಿ ಅದು ಪೋಸ್ಟ್ ಡಬ್ಬ. ಅಂಚೆಯವರು ಅದನ್ನು ರದ್ದು ಮಾಡಿ, ಬಾಯಿಗೆ ತಗಡು ಬಡಿದು ಎಷ್ಟೋ ಕಾಲವಾಗಿತ್ತು. ಆದರೂ ಅದಕ್ಕೆ ಕೈತುಂಬ ಕೆಲಸವಿತ್ತು. ಅದರ ಪಕ್ಕದಲ್ಲಿ ದಿನಾ ಬೆಳಿಗ್ಗೆ ಒಬ್ಬ ಹೆಂಗಸು ಒಲೆ ಹಚ್ಚಿ ಇಡ್ಲಿ ಮಾರುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಆದರೆ ಬೀದಿಗೆಲ್ಲ ಅಕ್ಕ, ಹಾಗಾಗಿ ನನಗೂ ಅಕ್ಕ. ಆಕೆಯ ಅಂಗಡಿಗೆ ಗೋಡೆಯಿಲ್ಲ, ಬಾಗಿಲಿಲ್ಲ, ಬೋರ್ಡೂ ಇಲ್ಲ. 'ಪೋಸ್ಟ್ ಡಬ್ಬ ಇಡ್ಲಿ' ಅಂದರೆ ಸಾಕು, ಶಿವಾಜಿನಗರದಿಂದ ಟಿನ್ ಫ್ಯಾಕ್ಟರಿವರೆಗಿನ ಆಟೋದವರಿಗೆಲ್ಲ ಗೊತ್ತು. ಗಂಡ ತೀರಿಕೊಂಡ ಮೇಲೆ ಆಕೆಯ ಸಂಸಾರ ನಿಂತಿದ್ದೇ ಆ ಡಬ್ಬಕ್ಕೆ ಒರಗಿಕೊಂಡು. ಹೀಗಿರುವಾಗ ನಮ್ಮ ಕಡೆ ಹೊಸ ಫುಟ್‌ಪಾತ್ ಬರುತ್ತದೆ, ಹಳೆಯದನ್ನೆಲ್ಲ ಕೀಳುತ್ತಾರೆ ಎಂಬ ಸುದ್ದಿ ಹಬ್ಬಿತು. ಅಂದಿನಿಂದ ಅಕ್ಕನಿಗೆ ನಿದ್ದೆ ಇಲ್ಲ, ಅವಳು ಹೇಳಿ ಹೇಳಿ ನನಗೂ ಇಲ್ಲ.

ವಿಳಾಸದ ವ್ಯಾಕರಣ

ಆ ದಿನಗಳಲ್ಲೇ ಒಮ್ಮೆ ಮಿಕ್ಸಿಯ ಜಾರು ತರಿಸಿದ್ದೆ. ಡೆಲಿವರಿಯವನು ದಾರಿ ಸಿಗದೆ ಫೋನ್ ಮಾಡಿದ. ನಮ್ಮ ಯಜಮಾನರು ಫೋನ್ ಕಿತ್ತುಕೊಂಡು ದಾರಿ ಹೇಳಲು ಕುಳಿತರು. ಅವರು ದಾರಿ ಹೇಳುವುದೆಂದರೆ ಹರಿಕಥೆಯ ಹಾಗೆ, ಪೀಠಿಕೆಯೇ ಉದ್ದ.

"ನೋಡಪ್ಪ, ಮೇನ್ ರೋಡಿಂದ ಒಳಗೆ ಬಾ. ಕುದುರೆ ತೊಟ್ಟಿ ಇತ್ತಲ್ಲ, ಅಲ್ಲಿ ಎಡಕ್ಕೆ ತಿರುಗು."

"ತೊಟ್ಟಿ ಯಾವುದೂ ಕಾಣ್ತಿಲ್ಲ ಸರ್."

"ಈಗ ಇಲ್ಲಪ್ಪ, ಇತ್ತು. ಅಲ್ಲಿಂದ ಮುಂದೆ ಬಂದ್ರೆ ನಲ್ಲಿ ಇತ್ತು. ನಲ್ಲಿ ದಾಟಿದ್ರೆ ಮೆಡಿಕಲ್ ಶಾಪ್ ಪಕ್ಕ ಒಂದು ಕಾಯಿನ್ ಫೋನ್ ಇತ್ತು."

"ಮೆಡಿಕಲ್ ಶಾಪ್ ಇದೆಯಾ ಸರ್?"

"ಅದನ್ನೂ ಮುಚ್ಚಿದ್ರು."

ಅವನು ಬೈಕು ಆಫ್ ಮಾಡಿದ್ದು ಕೇಳಿಸಿತು. ಆಮೇಲೆ ಅವನು ತುಂಬ ಮೆಲ್ಲಗೆ, ಕಾಯಿಲೆಯವರನ್ನು ವಿಚಾರಿಸುವ ಹಾಗೆ ಕೇಳಿದ. "ಸರ್, ಬೇಜಾರ್ ಮಾಡ್ಕೋಬೇಡಿ. ಈಗ, ಇವತ್ತಿನ ದಿವಸ, ಅಲ್ಲಿ ಏನಾದ್ರೂ ಇದೆಯಾ?"

ಯಜಮಾನರು ಯೋಚನೆ ಮಾಡಿ ಹೇಳಿದರು. "ಪೋಸ್ಟ್ ಡಬ್ಬ ಇದೆಯಪ್ಪ. ನಾನು ಬಂದು ಅದರ ಪಕ್ಕ ನಿಂತ್ಕೋತೀನಿ."

"ಬೇಗ ಬಂದು ನಿಂತ್ಕೊಳ್ಳಿ ಸರ್. ಅದನ್ನೂ ನಿಮ್ಮನ್ನೂ ತೆಗೆಯೋದ್ರೊಳಗೆ ನಾನು ಬಂದ್ಬಿಡ್ತೀನಿ."

ರಜೆ ಹಾಕಿದ ಸ್ಟಾಪು

ನನ್ನ ತಂಗಿಯ ಮನೆ ಕೆ.ಆರ್. ಪುರದ ಕಡೆ. ಅವಳ ಗಂಡ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಬಸ್ಸು ಹತ್ತುವುದು ಟಿನ್ ಫ್ಯಾಕ್ಟರಿಯ ಹತ್ತಿರ. ಅಲ್ಲಿ ಟಿನ್ ಎಲ್ಲಿ, ಫ್ಯಾಕ್ಟರಿ ಎಲ್ಲಿ ಎಂದು ಕೇಳಬೇಡಿ, ಅದೂ ಭೂತಕಾಲದ ವ್ಯವಹಾರವೇ. ಒಂದು ಸಲ ರಸ್ತೆ ಅಗೆಯುವಾಗ ಅವರು ಹತ್ತುವ ಸ್ಟಾಪಿನ ಕಂಬವನ್ನು ಕಿತ್ತರು. ಮತ್ತೆ ನೆಡುವುದು ಯಾರ ಕೆಲಸ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ.

ತಂಗಿಯ ಗಂಡ ಒಳ್ಳೆ ಎತ್ತರದ ಆಳು. ನೆಟ್ಟಗೆ ನಿಲ್ಲುತ್ತಾರೆ, ಆಚೆ ಈಚೆ ಅಲ್ಲಾಡುವುದಿಲ್ಲ, ಕೈಯಲ್ಲಿ ಯಾವಾಗಲೂ ಅದೇ ಹಳದಿ ಊಟದ ಚೀಲ. ಕಂಬವಿದ್ದ ಜಾಗದಲ್ಲಿ ಅವರು ಎಂದಿನಂತೆ ಹೋಗಿ ನಿಂತರು. ಮೊದಲ ವಾರ ಅವರ ಹಿಂದೆ ಇಬ್ಬರು ನಿಂತರು, ಆಮೇಲೆ ಸಾಲೇ ಬೆಳೆಯಿತು. ಬಸ್ಸಿನ ಡ್ರೈವರು ಆ ಹಳದಿ ಚೀಲ ನೋಡಿ ಬ್ರೇಕ್ ಹಾಕುವುದನ್ನು ಅಭ್ಯಾಸ ಮಾಡಿಕೊಂಡ. ಎಲ್ಲ ಸರಿಯಾಗಿ ನಡೆಯುತ್ತಿತ್ತು.

ಒಂದು ದಿನ ಅವರಿಗೆ ಜ್ವರ ಬಂತು. ನಾನು ನೋಡಿಕೊಂಡು ಬರೋಣವೆಂದು ಹೋಗಿದ್ದೆ. ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಬಸ್ಸಿನ ಸಾಲಿನಲ್ಲಿ ನಿಲ್ಲುವವರೆಲ್ಲ ಬಂದಿದ್ದಾರೆ. ಪಾಪ, ಎಷ್ಟು ಪ್ರೀತಿ ನೋಡು ಎಂದು ತಂಗಿ ಕಾಫಿಗೆ ನೀರಿಟ್ಟಳು.

"ಸಾರ್, ಇವತ್ತು ಬಸ್ಸು ನಿಲ್ಲಿಸ್ಲೇ ಇಲ್ಲ" ಎಂದು ಒಬ್ಬ ಶುರು ಮಾಡಿದ. "ಡ್ರೈವರು ನಿಧಾನ ಮಾಡಿ ನಿಮ್ಮನ್ನ ಹುಡುಕಿದ. ನೀವು ಕಾಣ್ಲಿಲ್ಲ. ಸ್ಟಾಪ್ ಮುಂದಕ್ಕೆ ಹೋಗಿರ್ಬೇಕು ಅಂದ್ಕೊಂಡು ಹೊರಟೇ ಹೋದ."

"ನನಗೆ ಜ್ವರ ಕಣ್ರಪ್ಪ. ಕೆಲಸಕ್ಕೆ ರಜೆ ಹಾಕಿದೀನಿ."

ಅವರಲ್ಲಿದ್ದ ಒಬ್ಬ ಹೆಂಗಸಿಗೆ ಸಿಟ್ಟು ಬಂತು. "ಕೆಲಸಕ್ಕೆ ರಜೆ ಹಾಕ್ಕೊಳ್ಳಿ ಸಾರ್, ಯಾರು ಬೇಡ ಅಂದ್ರು? ಸ್ಟಾಪಿಗೆ ಯಾಕೆ ರಜೆ ಹಾಕ್ತೀರಿ?"

ಸರದಿ

ನಮ್ಮ ಶಾಲೆಯ ಹಿಂದಿನ ಗಲ್ಲಿಯಲ್ಲಿ ಒಂದು ಬೀದಿ ನಲ್ಲಿ ಇತ್ತು. ಅಲ್ಲಿ ಇಬ್ಬರು ಹೆಂಗಸರ ಜಗಳ ಪ್ರಸಿದ್ಧ. ಒಬ್ಬರನ್ನು ಎಲ್ಲರೂ ಖಾಲಾ ಎನ್ನುತ್ತಿದ್ದರು, ಮನೆಯಲ್ಲಿ ದಖನಿ ಮಾತಾಡುವವರು. ಇನ್ನೊಬ್ಬಳು ನಮ್ಮ ಶಾಲೆಯ ಆಯಾ, ಮನೆಮಾತು ತಮಿಳು. ಒಬ್ಬರು ದಖನಿಯಲ್ಲಿ ಬೈಯುವರು, ಇನ್ನೊಬ್ಬರು ತಮಿಳಿನಲ್ಲಿ ತಿರುಗಿಸಿ ಕೊಡುವರು, ನೀರು ಬಂದಾಗ ರಾಜಿ ಮಾತ್ರ ಕನ್ನಡದಲ್ಲಿ. ಅವರ ಗಲಾಟೆಗೆ ಕಿಟಕಿ ಮುಚ್ಚಿಯೇ ನಾನು ಹಳಗನ್ನಡದ ಪಾಠ ಮಾಡುತ್ತಿದ್ದೆ.

ಆಮೇಲೆ ಮನೆಮನೆಗೆ ನಲ್ಲಿ ಬಂತು. ಬೀದಿ ನಲ್ಲಿಯನ್ನು ಕತ್ತರಿಸಿ ಪೈಪಿನ ಬಾಯಿಗೆ ಸಿಮೆಂಟ್ ಮೆತ್ತಿದರು. ಈಚೆಗೆ ಒಂದು ಸಂಜೆ ಆ ಕಡೆ ಹೋದಾಗ ನೋಡುತ್ತೇನೆ, ಅದೇ ಜಾಗದಲ್ಲಿ ಖಾಲಾ ಮತ್ತು ಆಯಾ ಖಾಲಿ ಕೊಡ ಮುಂದಿಟ್ಟುಕೊಂಡು ನಿಂತಿದ್ದಾರೆ.

"ಏನ್ ಖಾಲಾ, ಮನೇಲಿ ನೀರು ಬರ್ತಿಲ್ವಾ?"

"ಬರ್ತದೆ ಮಿಸ್. ಬೇಕಾದಷ್ಟು ಬರ್ತದೆ."

"ಮತ್ತೆ ಈ ಕೊಡ?"

ಉತ್ತರ ಕೊಟ್ಟವಳು ಆಯಾ. "ಸುಮ್ನೆ ನಿಂತು ಮಾತಾಡಿದ್ರೆ ಸೊಸೆ 'ಕೆಲಸ ಇಲ್ವಾ' ಅಂತಾಳೆ ಮಿಸ್. ಕೊಡ ಇದ್ರೆ ಯಾರೂ ಕೇಳಲ್ಲ."

ನನಗೆ ನಿಜವಾಗಿ ಸಂತೋಷವಾಯಿತು. "ಹೋಗಲಿ ಬಿಡಿ, ನಲ್ಲಿ ಹೋಗಿ ಜಗಳವಾದ್ರೂ ನಿಂತಿತಲ್ಲ" ಎಂದೆ. ನನ್ನ ಬಾಯಲ್ಲಿ ಆ ಮಾತು ಇರುವಾಗಲೇ ಆಯಾ ಕಾಲಿನಿಂದ ತನ್ನ ಕೊಡವನ್ನು ಒಂದು ಚೂರು ಮುಂದಕ್ಕೆ ಸರಿಸಿದಳು. ಖಾಲಾ ಅದನ್ನು ಹಿಂದಕ್ಕೆ ತಳ್ಳಿ ಸೆರಗು ಸಿಕ್ಕಿಸಿದರು. "ಏಯ್! ಸರದಿ ನಂದು!"

"ಅಲ್ಲ ಖಾಲಾ, ನಲ್ಲೀನೇ ಇಲ್ವಲ್ಲ!" ಎಂದೆ.

"ನಲ್ಲಿ ಇಲ್ದಿದ್ರೆ ಏನ್ ಮಿಸ್? ಸರದಿ ಸರದೀನೇ."

ಇನ್ನೊಂದು ರೂಪಾಯಿ

ನಮ್ಮ ಯಜಮಾನರು ಮದುವೆಯ ಹೊಸದರಲ್ಲಿ ನನಗೆ ಫೋನ್ ಮಾಡುತ್ತಿದ್ದುದು ಕಾಯಿನ್ ಫೋನಿನಿಂದ. ಒಂದು ರೂಪಾಯಿ ಹಾಕಿ, ಅದು 'ಕುಂಯ್' ಎನ್ನುವುದರೊಳಗೆ ಎಲ್ಲ ಹೇಳಿ ಮುಗಿಸಬೇಕು. ಆ ಹೆದರಿಕೆ ಅವರ ಮೈಯಿಂದ ಇನ್ನೂ ಹೋಗಿಲ್ಲ. ಮೊಬೈಲಿನಲ್ಲೂ "ಹಲೋ, ನಾನು, ಬಂದೆ, ಇಟ್ಟೆ" ಎನ್ನುತ್ತಾರೆ. ನನಗೆ ಹೆಚ್ಚು ಮಾತು ಬೇಕಾದಾಗ "ಇನ್ನೊಂದು ರೂಪಾಯಿ ಹಾಕ್ರೀ" ಎಂದು ರೇಗಿಸುವುದು ನಮ್ಮ ಮನೆಯ ರೂಢಿ.

ಜೀವನ್ ಬಿಮಾ ನಗರದಲ್ಲಿ ಒಂದು ಅಂಗಡಿಯ ಗೋಡೆಯ ಮೇಲೆ ಹಳೆಯ ಫೋನಿನ ಹಳದಿ ಗೂಡು ಇನ್ನೂ ಇದೆ. ಒಳಗೆ ಫೋನಿಲ್ಲ, ಬರೀ ಗೂಡು. ಯಜಮಾನರು ಆ ಕಡೆ ಹೋದಾಗಲೆಲ್ಲ ಅದರೊಳಗೆ ತಲೆ ತೂರಿಸಿಕೊಂಡು ಮೊಬೈಲಿನಲ್ಲಿ ಮಾತಾಡುತ್ತಾರೆ. ಅಲ್ಲಿ ಮಾತು ಚೆನ್ನಾಗಿ ಕೇಳಿಸುತ್ತದಂತೆ. ಒಂದು ದಿನ ಅಲ್ಲಿಂದಲೇ ಫೋನ್ ಬಂತು.

"ಹಲೋ, ನಾನು. ಇಲ್ಲಿ ಫುಟ್‌ಪಾತ್ ಕೆಲಸದ ಮೇಸ್ತ್ರಿ ಸಿಕ್ಕಿದ್ದ. ನಾಳೆ ನಮ್ಮ ಬೀದೀನೇ ಅಂತೆ. ಪೋಸ್ಟ್ ಡಬ್ಬಾನ..." ಅಷ್ಟಕ್ಕೇ ಫೋನ್ ಇಟ್ಟುಬಿಟ್ಟರು.

ಕೂಡಲೇ ತಿರುಗಿ ಮಾಡಿದೆ. "ಡಬ್ಬಾನ ಏನು? ಕೀಳ್ತಾರಾ, ಬಿಡ್ತಾರಾ? ಪೂರ್ತಿ ಹೇಳ್ಬಾರ್ದಾ? ಇನ್ನೊಂದು ರೂಪಾಯಿ ಹಾಕ್ರೀ!"

"ಚಿಲ್ಲರೆ ಇಲ್ಲ ಕಣೇ" ಎಂದು ಮತ್ತೆ ಇಟ್ಟರು. ಗೂಡಿನೊಳಗೆ ತಲೆ ಹೋದರೆ ಅವರಿಗೆ ಯಾವ ಕಾಲದಲ್ಲಿದ್ದೇನೆ ಎನ್ನುವುದೇ ಮರೆತುಹೋಗುತ್ತದೆ.

ನಿನ್ನೆ ಇಲ್ಲೇ ಇತ್ತು

ಕೀಳುವವರು ಮರುದಿನ ಬೆಳಿಗ್ಗೆಯೇ ಬಂದರು. ಬಂದವರು ಮೊದಲು ಮಾಡಿದ ಕೆಲಸ ಇಡ್ಲಿ ತಿನ್ನುವುದು. ಪೋಸ್ಟ್ ಡಬ್ಬ ಇಡ್ಲಿಯ ಹೆಸರು ಅವರಿಗೂ ಮುಟ್ಟಿತ್ತು. ಡಬ್ಬದ ಮೇಲೆ ತಟ್ಟೆ ಇಟ್ಟುಕೊಂಡು, ಚಟ್ನಿ ಎರಡೆರಡು ಸಲ ಹಾಕಿಸಿಕೊಂಡು, "ಅಕ್ಕ, ಕೈಗೆ ಚಿನ್ನದ ಬಳೆ ಹಾಕ್ಬೇಕು ನಿಮ್ಗೆ" ಎಂದು ಹೊಗಳಿದರು. ಕೈ ತೊಳೆದುಕೊಂಡು ಹಾರೆ ಎತ್ತಿಕೊಂಡರು.

ನಾನು ಸುಮ್ಮನಿರುವ ಪೈಕಿ ಅಲ್ಲ. ಮೇಸ್ತ್ರಿಯನ್ನು ನಿಲ್ಲಿಸಿಕೊಂಡು ಕೇಳಿದೆ. "ಉಂಡ ಮನೆಗೆ ಎರಡು ಬಗೀತೀರೇನಪ್ಪ? ಆ ಡಬ್ಬ ನಿಮಗೇನು ಮಾಡಿತ್ತು?"

"ಅಂಚೆಯವ್ರೇ ಬೇಡ ಅಂದಿದಾರೆ ಮೇಡಂ. ಲೆವೆಲ್ ಮಾಡಿ ಟೈಲ್ಸ್ ಕೂರಿಸ್ಬೇಕು. ಇದೊಂದು ಅಡ್ಡ."

ಅಕ್ಕ ಸೌಟು ಹಿಡಿದುಕೊಂಡೇ ನಿಂತಿದ್ದಳು. "ಟೀಚರಮ್ಮ, ನನ್ ಅಡ್ರೆಸ್ಸನ್ನೇ ಕಿತ್ಕೊಂಡು ಹೋಗ್ತಾವ್ರೆ ನೋಡಿ" ಎಂದಳು. ಡಬ್ಬ ನೆಲ ಬಿಡುವಾಗ ಒಂದು ಸದ್ದಾಯಿತು. ಇಬ್ಬರು ಅದನ್ನೆತ್ತಿ ಟೆಂಪೋದಲ್ಲಿ ಮಲಗಿಸಿದರು, ಮೂಲೆಯಲ್ಲಿ ಒಂದು ಗುಂಡಿ ಮಾತ್ರ ಉಳಿಯಿತು. ಅಗೆದ ಜಾಗದಲ್ಲಿ ಒಲೆ ಇಡುವಂತಿರಲಿಲ್ಲ. ಅಕ್ಕ ತನ್ನ ಸಾಮಾನನ್ನು ಪಕ್ಕದ ಓಣಿಯೊಳಗೆ, ಒಂದು ಮನೆಯ ಮೆಟ್ಟಿಲ ಕೆಳಗೆ ಸಾಗಿಸಿದಳು.

ಮರುದಿನ ಬೆಳಿಗ್ಗೆ ಹಾಲು ತರಲು ಹೊರಟಿದ್ದೆ. ಅದೇ ಮೇಸ್ತ್ರಿ, ಅದೇ ಆಳುಗಳು ಬೀದಿಯ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಾರೆ. ನನ್ನನ್ನು ಕಂಡೊಡನೆ ಮೇಸ್ತ್ರಿ ಹತ್ತಿರ ಬಂದ.

"ಮೇಡಂ, ಪೋಸ್ಟ್ ಡಬ್ಬ ಇಡ್ಲಿ ಎಲ್ಲಿ? ನಿನ್ನೆ ಇಲ್ಲೇ ಇತ್ತು!"

ಕೆಂಪು ಸ್ವೆಟರು

ಡಬ್ಬ ಕಿತ್ತವರಿಗೇ ಇಡ್ಲಿ ಸಿಗದ ಮೇಲೆ ಬೇರೆಯವರ ಪಾಡೇನು? ಆಟೋದವರು ಮೂಲೆಗೆ ಬರುವರು, ಕೆಂಪು ಬಣ್ಣ ಕಾಣದೆ ಮುಂದಕ್ಕೆ ಹೋಗುವರು. ಓಣಿಯೊಳಗೆ ಇಣುಕಿ ನೋಡುವ ವ್ಯವಧಾನ ಬೆಳಗಿನ ಹೊತ್ತು ಯಾರಿಗಿದೆ? ಟೈಲ್ಸ್ ಕೂರಿಸಿ ಮುಗಿದ ಮೇಲೆ ಅಕ್ಕ ಮೂಲೆಗೆ ವಾಪಸ್ ಬಂದಳು. ಆದರೆ ಹೊಸ ಫುಟ್‌ಪಾತಿನಲ್ಲಿ ಎಲ್ಲ ಮೂಲೆಗಳೂ ಒಂದೇ ಥರ. ಅಷ್ಟರಲ್ಲಿ ಗಿರಾಕಿಗಳು ಚದುರಿಹೋಗಿದ್ದರು. ದಿನಾ ಇಡ್ಲಿ ಉಳಿಯತೊಡಗಿತು. ಅಕ್ಕ ಅದನ್ನು ಎಸೆಯುವವಳಲ್ಲ, ಮನೆಮನೆಗೆ ಹಂಚಿದಳು. ಆ ತಿಂಗಳು ನಮ್ಮ ಬೀದಿಯಲ್ಲಿ ಇಡ್ಲಿ ಉಪ್ಪಿಟ್ಟು, ಇಡ್ಲಿ ಒಗ್ಗರಣೆ, ಇಡ್ಲಿ ಬೋಂಡ ಎಲ್ಲ ಆಯಿತು. ಕೊನೆಕೊನೆಗೆ ಬೀದಿನಾಯಿಯೂ ಅಕ್ಕನನ್ನು ಕಂಡರೆ ಪಕ್ಕದ ಬೀದಿಗೆ ಹೋಗುತ್ತಿತ್ತು.

ಒಂದು ದಿನ ಅವಳು ಪಾತ್ರೆ ತೊಳೆಯುತ್ತ ಹೇಳಿದಳು. "ಈ ತಿಂಗಳು ನೋಡ್ತೀನಿ ಟೀಚರಮ್ಮ. ಆಗ್ಲಿಲ್ಲ ಅಂದ್ರೆ ದೊಡ್ಡನೆಕ್ಕುಂದೀಲಿ ಒಂದು ಪಿ.ಜಿ.ಗೆ ಅಡುಗೆಗೆ ಕರೀತಾವ್ರೆ. ಹೋಗ್ಬಿಡ್ತೀನಿ. ಇನ್ನೊಬ್ರ ಒಲೆ ಮುಂದೆ ನಿಲ್ಲೋದೇ ಹಣೇಲಿ ಬರ್ದಿದ್ರೆ ಏನ್ ಮಾಡೋದು?"

ಮನೆಗೆ ಬಂದು ಯಜಮಾನರ ಮುಂದೆ ಗೋಳಾಡಿಕೊಂಡೆ. ಅವರಿಗೆ ತಂಗಿಯ ಗಂಡನ ಬಸ್ ಸ್ಟಾಪಿನ ಕಥೆ ನೆನಪಾಯಿತು. "ಅವನು ಕಂಬ ಆಗ್ಬಹುದಾದ್ರೆ ನಾನು ಡಬ್ಬ ಆಗ್ಬಾರ್ದಾ?" ಎಂದರು. ನಾನು ಹಿಂದೆ ಹೆಣೆದುಕೊಟ್ಟಿದ್ದ ಕೆಂಪು ಸ್ವೆಟರು ಪೆಟ್ಟಿಗೆಯಿಂದ ಹೊರಗೆ ಬಂತು. ಗಿಡ್ಡ ದೇಹ, ದುಂಡನೆಯ ಹೊಟ್ಟೆ, ಮೇಲೊಂದು ಕಪ್ಪು ಟೋಪಿ. ದೂರದಿಂದ ನೋಡಿದರೆ ನನಗೂ ಒಂದು ಕ್ಷಣ ಡಬ್ಬವೇ ಅನ್ನಿಸಿತು.

ಬೆಳಿಗ್ಗೆ ಮೂಲೆಯಲ್ಲಿ, ಅಕ್ಕನ ಒಲೆಯ ಪಕ್ಕ ಹೋಗಿ ನಿಂತರು. ವಾಕಿಂಗ್ ಬಂದ ಹಿರಿಯರೊಬ್ಬರು ಕೈಯಲ್ಲಿ ಕವರು ಹಿಡಿದು ಅವರನ್ನು ಒಂದು ಸುತ್ತು ಹಾಕಿದರು.

"ಇಲ್ಲೊಂದು ಪೋಸ್ಟ್ ಡಬ್ಬ ಇತ್ತಲ್ರೀ, ಏನಾಯ್ತು?"

"ಈಗ ನಾನೇ" ಎಂದರು ಯಜಮಾನರು, ಇಡ್ಲಿಯ ಕಡೆ ಕೈ ತೋರಿಸುತ್ತ.

"ಹಾಗಿದ್ರೆ ತಗೊಳ್ಳಿ" ಎಂದು ಹಿರಿಯರು ಕವರನ್ನು ಅವರ ಕೈಗೆ ತುರುಕಿ ಹೊರಟೇಹೋದರು. ಇಡ್ಲಿಯ ಕಡೆ ತಿರುಗಿಯೂ ನೋಡಲಿಲ್ಲ. ಸುದ್ದಿ ಹರಡಿತು. ಮರುದಿನ ಇಬ್ಬರು ಬಂದರು, ಅದರ ಮರುದಿನ ರಾಖಿ ಕಳಿಸುವವರು ಗುಂಪಾಗಿ ಬಂದರು. ಒಬ್ಬಾಕೆ "ಅಂಕಲ್, ನೆಕ್ಸ್ಟ್ ಕ್ಲಿಯರೆನ್ಸ್ ಎಷ್ಟೊತ್ತಿಗೆ?" ಎಂದು ಕಾಗದ ತೆಗೆಯುವ ಹೊತ್ತನ್ನು ಬೇರೆ ಕೇಳಿದಳಂತೆ. ಅಕ್ಕನ ವ್ಯಾಪಾರ ಒಂದು ತಟ್ಟೆಯೂ ಹೆಚ್ಚಲಿಲ್ಲ. ಯಜಮಾನರಿಗೆ ಮಾತ್ರ ದಿನಾ ಅಂಚೆ ಕಚೇರಿಗೆ ಹೋಗಿಬರುವ ಕೆಲಸ ಗಟ್ಟಿಯಾಯಿತು.

ಇಂದಿರಾನಗರದಲ್ಲಿ ಗಟ್ಟಿ ಚಟ್ನಿ

ಇತ್ತ ಡಬ್ಬದ ಪ್ರಯಾಣ ಬೇರೆಯೇ ನಡೆದಿತ್ತು. ಕಂಟ್ರಾಕ್ಟರನ ಕಡೆಯವರು ಅದನ್ನು ಶಿವಾಜಿನಗರದ ಗುಜರಿಗೆ ಹಾಕಿದ್ದರು. ಗುಜರಿಯಿಂದ ಅದು ಇಂದಿರಾನಗರದ ಒಂದು ಕೆಫೆಗೆ ಹೋಗಿತ್ತು. ಕೆಫೆ ನಡೆಸುವವರು ಅಕ್ಕ ತಮ್ಮ, ಮಹಡಿಯ ಮೇಲೇ ಅವರ ವಾಸ. ಡಬ್ಬಕ್ಕೆ ಹೊಸ ಕೆಂಪು ಬಣ್ಣ ಬಳಿದು, ಬಾಯಿಯ ತಗಡು ಕಿತ್ತು, ಅದರಿಂದ ಮನಿಪ್ಲಾಂಟ್ ಇಳಿಬಿಟ್ಟು, ಬಾಗಿಲ ಮುಂದೆ ಶೋಕಿಗೆ ನಿಲ್ಲಿಸಿದ್ದರು.

ನಮ್ಮ ಅಕ್ಕನ ಹಳೇ ಗಿರಾಕಿ, ಒಬ್ಬ ಆಟೋದವನು, ಒಂದು ಸಂಜೆ ಆ ದಾರಿಯಲ್ಲಿ ಹೋಗುವಾಗ ಡಬ್ಬವನ್ನು ನೋಡಿದ. ಡೊಂಕಾದ ಕಾಲು, ಎದೆಯ ಮೇಲಿನ ತಗ್ಗು, ಅದೇ ಡಬ್ಬ. ಆಟೋ ಸ್ಟ್ಯಾಂಡಿಗೆ ಬಂದು ಘೋಷಣೆ ಮಾಡಿಬಿಟ್ಟ. "ಗುರು, ಸಿಕ್ತು! ಅಕ್ಕ ಡಬ್ಬ ಸಮೇತ ಇಂದಿರಾನಗರಕ್ಕೆ ಶಿಫ್ಟ್ ಆಗ್ಬಿಟ್ಟವ್ರೆ!"

ಡಬ್ಬ ಎಲ್ಲಿದೆಯೋ ಅಲ್ಲಿ ಇಡ್ಲಿ. ಇದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಮರುದಿನ ಬೆಳಿಗ್ಗೆ ಕೆಫೆಯ ಮುಂದೆ ಆಟೋಗಳ ಸಾಲು. ಕೆಲವರು ಮನೆಗೂ ಒಯ್ಯೋಣವೆಂದು ಸ್ಟೀಲ್ ಡಬ್ಬಿ ತಂದಿದ್ದರು. ಶಟರ್ ಬಡಿಯುವ ಸದ್ದಿಗೆ ತಮ್ಮ ಎದ್ದು, ಕಣ್ಣುಜ್ಜಿಕೊಂಡು, ಚಡ್ಡಿಯಲ್ಲೇ ಕೆಳಗಿಳಿದು ಬಂದ.

"ಗುರು, ನಾಲ್ಕು ಇಡ್ಲಿ, ಒಂದು ವಡೆ. ಚಟ್ನಿ ಗಟ್ಟಿಗಿರ್ಲಿ."

"ಇಡ್ಲಿ ಇಲ್ಲ ಬ್ರದರ್. ನಮ್ದು ಕೆಫೆ. ಹತ್ತು ಗಂಟೆಗೆ ಓಪನ್. ಸ್ಯಾಂಡ್‌ವಿಚ್ ಇರುತ್ತೆ, ಬಟರ್ ಫ್ರೂಟ್ ಟೋಸ್ಟ್ ಇರುತ್ತೆ."

"ಡಬ್ಬ ಇದೆ, ಇಡ್ಲಿ ಇಲ್ಲ ಅಂದ್ರೆ ಹೆಂಗೆ? ನಿನ್ನ ಹತ್ರ ಮಾತು ಬೇಡ. ಅಕ್ಕನ್ನ ಕರಿ."

ಹುಡುಗ ಗಾಬರಿಯಾದ. ಇವರಿಗೆ ತನ್ನ ಅಕ್ಕ ಹೇಗೆ ಗೊತ್ತು ಎಂದು ಯೋಚಿಸುತ್ತ ಮೇಲೆ ಹೋಗಿ ಅವಳನ್ನು ಎಬ್ಬಿಸಿಕೊಂಡು ಬಂದ. ಆಕೆ ನೈಟ್‌ಡ್ರೆಸ್ಸಿನಲ್ಲಿ, ನಾಯಿಮರಿ ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಆಟೋದವರು ಮೇಲಿಂದ ಕೆಳಗಿನವರೆಗೆ ನೋಡಿ ಒಕ್ಕೊರಲಿನಿಂದ ಹೇಳಿದರು. "ಇವ್ರಲ್ಲ."

ಇದು ಒಂದು ದಿನಕ್ಕೆ ಮುಗಿಯಲಿಲ್ಲ. ಗೊತ್ತಿಲ್ಲದ ಹೊಸಬರು ದಿನಾ ಬರುತ್ತಲೇ ಇದ್ದರು. ಅಕ್ಕ ತಮ್ಮ ಇಬ್ಬರಿಗೂ ನಿದ್ದೆ ಹಾಳಾಯಿತು. ಕೊನೆಗೆ ಆ ಹುಡುಗ ನಮ್ಮನ್ನು ಬಲ್ಲ ಆಟೋದವನೊಬ್ಬನಿಂದ ನಮ್ಮ ನಂಬರು ಪಡೆದು ಫೋನ್ ಮಾಡಿದ. ಎತ್ತಿದ್ದು ನಮ್ಮ ಯಜಮಾನರು.

"ಅಂಕಲ್, ಆ ಇಡ್ಲಿ ಅಕ್ಕನ ಅಡ್ರೆಸ್ ಸ್ವಲ್ಪ ಹೇಳ್ತೀರಾ?"

"ಸುಲಭ ಕಣಪ್ಪ. ಹಲಸೂರಿಗೆ ಬಾ. ಮೂಲೇಲಿ ಒಂದು ಪೋಸ್ಟ್ ಡಬ್ಬ ಇತ್ತಲ್ಲ, ಅಲ್ಲಿ..."

"ಅಂಕಲ್, ಆ ಡಬ್ಬ ನನ್ನ ಹತ್ರಾನೇ ಇದೆ!"

ಯಜಮಾನರು ತಬ್ಬಿಬ್ಬಾದರು. "ಡಬ್ಬ ನಿನ್ನ ಹತ್ರ ಇದ್ರೆ ನೀನೇ ಅಡ್ರೆಸ್ಸು ಕಣಪ್ಪ. ಇನ್ನು ನನ್ನನ್ನ ಯಾಕೆ ಕೇಳ್ತೀಯ?" ಎಂದು, ರೂಪಾಯಿ ಮುಗಿಯಿತೆಂದು ಫೋನ್ ಇಟ್ಟುಬಿಟ್ಟರು.

ಡಬ್ಬದ ಮನೆ

ಹೇಗೋ ಹುಡುಕಿಕೊಂಡು ಕೆಫೆಯ ಅಕ್ಕ ತಮ್ಮ ಇಬ್ಬರೂ ನಮ್ಮ ಮೂಲೆಗೆ ಬಂದರು. ಆ ದಿನ ಬೆಳಿಗ್ಗೆ ನಾನೂ ಅಲ್ಲೇ ಇದ್ದೆ. ತಿಂಗಳು ಮುಗಿಯುತ್ತ ಬಂದಿತ್ತು. ಇಡ್ಲಿ ಅಕ್ಕ ಪಿ.ಜಿ.ಯವರಿಗೆ ಬರುತ್ತೇನೆಂದು ಬಾಯಿಮಾತಿನಲ್ಲಿ ಒಪ್ಪಿಯೂ ಆಗಿತ್ತು. ಬಂದವರಿಗೆ ಇಡ್ಲಿ ಕೊಟ್ಟಳು. ಅವರು ತಿಂದು ಇನ್ನೊಂದು ತಟ್ಟೆ ಕೇಳಿದರು.

ಕೆಫೆಯ ಹುಡುಗಿ ಕೈ ಒರೆಸಿಕೊಂಡು ಹೇಳಿದಳು. "ಆಂಟಿ, ನೀವು ನಮ್ಮ ಕೆಫೆ ಮುಂದೇನೇ ಬಂದು ಹಾಕ್ಕೊಳ್ಳಿ. ಜಾಗ ಇದೆ. ಡಬ್ಬಾನೂ ಅಲ್ಲೇ ಇದೆ."

ಇಂದಿರಾನಗರವೆಂದರೆ ಸಣ್ಣ ಮಾತೇ? ಅಕ್ಕ ಹಿಟ್ಟು ಹುಯ್ಯುತ್ತಲೇ ಹೇಳಿದಳು. "ನನ್ ಗಿರಾಕಿ ಕೆಲಸಕ್ಕೆ ಹೋಗೋ ದಾರೀಲಿ ನಿಂತು ತಿನ್ನೋರು ಕಣಮ್ಮ. ಅವ್ರ ದಾರೀನ ನಾನು ಬದಲಾಯ್ಸೋಕಾಗಲ್ಲ. ನಾನು ಇಲ್ಲೇ ಇರ್ತೀನಿ. ನಿಮಗೆ ನಿದ್ದೆ ಬೇಕು ಅಂದ್ರೆ ಡಬ್ಬಾನ ಕಳ್ಸಿ."

ಹುಡುಗಿ ತಮ್ಮನ ಮುಖ ನೋಡಿದಳು. ತಮ್ಮ ಆಕಳಿಸಿದ. ಆ ಆಕಳಿಕೆಯಲ್ಲೇ ತೀರ್ಮಾನವಾಯಿತು.

ಡಬ್ಬ ಗೂಡ್ಸ್ ಆಟೋದಲ್ಲಿ ನಿಂತುಕೊಂಡೇ ಬಂತು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಯಾರೋ ನಿಂಬೆಹಣ್ಣು ಇಳಿ ತೆಗೆದರು. ನನಗೆ ಕಣ್ಣು ತುಂಬಿ ಬಂತು, ತಗಡಿನ ಡಬ್ಬಕ್ಕೆ ಅಳುತ್ತೀಯಲ್ಲ ಎಂದು ಯಜಮಾನರು ನಕ್ಕರು. ಅವರ ಕಣ್ಣೂ ಅಷ್ಟೇನೂ ಒಣಗಿರಲಿಲ್ಲ. ಆದರೆ ಹೊಸ ಕಷ್ಟ ಬಂತು. ಪಕ್ಕದ ಬೀದಿಯ ಕೆಲಸದಲ್ಲಿದ್ದ ಮೇಸ್ತ್ರಿ ಬಂದು ಕೈ ಅಲ್ಲಾಡಿಸಿ, "ಟೈಲ್ಸ್ ಮೇಲೆ ಏನೂ ನೆಡೋ ಹಾಗಿಲ್ಲ ಮೇಡಂ. ನೆಟ್ರೆ ಮತ್ತೆ ನಾನೇ ಬಂದು ಕೀಳ್ಬೇಕು" ಎಂದ. ಅಕ್ಕ ಜಗಳಕ್ಕೆ ನಿಲ್ಲಲಿಲ್ಲ. ವೆಲ್ಡಿಂಗ್ ಅಂಗಡಿಗೆ ಹೋಗಿ, ಗ್ಯಾಸ್ ಸಿಲಿಂಡರ್ ಇಡುವ ಗಾಲಿ ಸ್ಟ್ಯಾಂಡನ್ನು ಸ್ವಲ್ಪ ಗಟ್ಟಿ ಮಾಡಿಸಿ, ಡಬ್ಬವನ್ನು ಅದರ ಮೇಲೆ ಕೂರಿಸಿದಳು. ನೆಟ್ಟರೆ ತಾನೇ ಕೀಳುವುದು?

ಈಗ ದಿನಾ ಬೆಳಿಗ್ಗೆ ಅಕ್ಕ ಡಬ್ಬವನ್ನು ತಳ್ಳಿಕೊಂಡು ಮೂಲೆಗೆ ಬರುತ್ತಾಳೆ. ಕೆಂಪು ಕಂಡೊಡನೆ ಆಟೋಗಳು ನಿಲ್ಲುತ್ತವೆ. ಡಬ್ಬದೊಳಗೆ ಪೇಪರ್ ತಟ್ಟೆ ಜೋಡಿಸಿಟ್ಟಿದ್ದಾಳೆ, ಅದರ ಬಾಯಿಂದ ಒಂದೊಂದೇ ಎಳೆದು ಕೊಡುತ್ತಾಳೆ. ಕವರು ಹಿಡಿದು ಬಂದ ಹಿರಿಯರು ಒಂದು ತಟ್ಟೆ ಇಡ್ಲಿ ತಿಂದು, "ಆಗ ಅಷ್ಟು ವರ್ಷ ಕಾಗದ ಹಾಕಿದ್ದಕ್ಕೆ ಈಗ ಒಂದು ಉತ್ತರ ಬಂತು" ಎಂದರಂತೆ. ಪಿ.ಜಿ.ಯವರು ಬೇರೆ ಅಡುಗೆಯವರನ್ನು ಹುಡುಕಿಕೊಂಡರು. ವ್ಯಾಪಾರ ಮುಗಿದ ಮೇಲೆ ಅಕ್ಕ ಒಲೆ, ಪಾತ್ರೆ, ಡಬ್ಬ ಎಲ್ಲವನ್ನೂ ತಳ್ಳಿಕೊಂಡು ಮನೆಗೆ ಹೋಗುತ್ತಾಳೆ. ನನಗೂ ನೆಮ್ಮದಿ. ನಮ್ಮ ಬೀದಿಯ ವಿಳಾಸ ಕಡೆಗೂ ವರ್ತಮಾನಕಾಲಕ್ಕೆ ಬಂತಲ್ಲ ಎಂದುಕೊಂಡೆ.

ಮೊನ್ನೆ ಮಧ್ಯಾಹ್ನ ಒಂದು ಪಾರ್ಸೆಲ್ ಬರುವುದಿತ್ತು. ಹಿಂದೆ ಮಿಕ್ಸಿ ಜಾರು ತಂದಿದ್ದವನೇ. ಅವನ ಫೋನು ಬಂದೊಡನೆ ಯಜಮಾನರು ಮೀಸೆ ತಿರುವಿ ಮಾತಾಡಿದರು.

"ಈ ಸಲ ನಿನಗೆ ಕಷ್ಟ ಇಲ್ಲಪ್ಪ. ಮೂಲೇಲಿ ಕೆಂಪು ಪೋಸ್ಟ್ ಡಬ್ಬ ಇದೆ. ಇತ್ತು ಅಲ್ಲ, ಇದೆ. ಅಲ್ಲಿಂದ ಮೂರನೇ ಮನೆ."

"ಮೂಲೇಲೇ ಇದೀನಿ ಸರ್. ಡಬ್ಬ ಕಾಣ್ತಿಲ್ಲ."

"ಇರುತ್ತೆ ಕಣಯ್ಯ, ಸರಿಯಾಗಿ ನೋಡು."

"ಸುತ್ತ ನೋಡ್ದೆ ಸರ್. ಬರೀ ಟೈಲ್ಸ್ ಇದೆ."

ಯಜಮಾನರು ಗೋಡೆಯ ಗಡಿಯಾರ ನೋಡಿ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಇಷ್ಟೊತ್ತಾಯ್ತಾ? ಹಾಗಾದ್ರೆ ಅದು ಮನೆಗೆ ಹೋಗಿರುತ್ತೆ."

ಆ ಕಡೆಯಿಂದ ಒಂದು ದೀರ್ಘವಾದ ನಿಟ್ಟುಸಿರು ಕೇಳಿಸಿತು.

"ಹಾಗಾದ್ರೆ ಡಬ್ಬದ ಮನೆ ಅಡ್ರೆಸ್ ಹೇಳಿ ಸರ್. ಅಲ್ಲಿಂದ ಅದನ್ನೇ ಕರ್ಕೊಂಡು ಬರ್ತೀನಿ."